ಗೋಡಂಬಿಗೆ ಹೊಗೆಸೊಪ್ಪು

ನಾನು ಹೊಗೆಸೊಪ್ಪು ಹಾಕುವವನಲ್ಲ. ಹುಣಸೂರಿನಲ್ಲಿ ಈ ಮಾತನ್ನು ನಂಬುವವರು ಯಾರೂ ಉಳಿದಿಲ್ಲವಾದ್ದರಿಂದ ನಿಮ್ಮ ಹತ್ತಿರ ಹೇಳಿಕೊಳ್ಳುತ್ತಿದ್ದೇನೆ. ಸ್ಕೂಲು ಮೇಷ್ಟ್ರಾಗಿ ಆರೋಗ್ಯದ ಪಾಠದಲ್ಲಿ ಹೊಗೆಸೊಪ್ಪನ್ನು ಬಾಯಿತುಂಬ ಬೈದವನು ನಾನು. ಬೈಸಿಕೊಂಡು ಸುಮ್ಮನಿರಬೇಕಾಗಿತ್ತು ಅದು, ಇರಲಿಲ್ಲ.

ಶುರುವಾದದ್ದು ಹುಳದಿಂದ. ನಮ್ಮ ಮನೆಯಲ್ಲಿ ಬೀಜವೆನ್ನುವ ಯಾವ ಪದಾರ್ಥವೂ ತಿಂಗಳು ದಾಟಿದ್ದಿಲ್ಲ. ಹಿಂದಿನ ವರ್ಷ ಸ್ಕೂಲ್ ಇನ್ಸ್‌ಪೆಕ್ಟರು ಮನೆಗೆ ಬಂದಾಗ ಕಡಲೆಕಾಯಿ ಬೀಜ ತಂದಿಟ್ಟಿದ್ದೆ. ಅವರು ಮಾತಾಡುತ್ತ ಕೈ ಹಾಕುವಷ್ಟರಲ್ಲಿ ಬೀಜವೊಂದು ತಟ್ಟೆಯ ಅಂಚಿನತ್ತ ನಿಧಾನವಾಗಿ ಹೊರಟಿತು. ಒಳಗೆ ಹುಳ ಇತ್ತೆಂದು ಬೇರೆ ಹೇಳಬೇಕಿಲ್ಲ. ಇನ್ಸ್‌ಪೆಕ್ಟರು ಕನ್ನಡಕ ಒರೆಸಿಕೊಂಡು ನೋಡಿ, "ಹೊಟ್ಟೆ ಸರಿಯಿಲ್ಲ ಮೇಷ್ಟ್ರೇ" ಎಂದು ಎದ್ದರು.

ಹೀಗಿರುವಾಗ ಕಣ್ಣಾನೂರಿಗೆ ಮರದ ಲಾರಿ ಓಡಿಸುವ ನನ್ನ ಭಾವಮೈದ ಒಂದು ಸೇರು ಗೋಡಂಬಿ ತಂದುಕೊಟ್ಟ. ನನ್ನ ಹೆಂಡತಿ ಪಾರ್ವತಿ ಅದನ್ನು ಬಿಸ್ಕತ್ತಿನ ತಗಡಿನ ಡಬ್ಬಕ್ಕೆ ತುಂಬಿ ನನ್ನ ಮುಂದೆ ಇಟ್ಟಳು. "ನೋಡ್ರೀ, ಮುಂದಿನ ತಿಂಗಳು ಗೌರಿನ ನೋಡೋಕೆ ಬರ್ತಾರೆ. ಕೇಸರಿಬಾತಿಗೆ ಇದೇ ಹಾಕ್ಬೇಕು. ಇದಕ್ಕೂ ಹುಳ ಬಿದ್ರೆ ನಾನು ತವರಿಗೆ ಹೋಯ್ತೀನಿ."

ಗೌರಿ ನನ್ನ ತಂಗಿ. ಹಿಂದೆ ಬಂದಿದ್ದ ಎರಡು ಗಂಡುಗಳ ಕಡೆಯವರು ಉಪ್ಪಿಟ್ಟು ತಿಂದು, ಕಾಗದ ಬರೀತೀವಿ ಎಂದು ಹೋದವರು ಇನ್ನೂ ಬರೆಯುತ್ತಲೇ ಇದ್ದಾರೆ. ಈ ಸಲದ್ದು ಕೃಷ್ಣರಾಜನಗರದ ಅಕ್ಕಿ ಗಿರಣಿಯವರ ಹುಡುಗ. ಯಾರದೋ ಮದುವೆಯಲ್ಲಿ ಅವನನ್ನು ನೋಡಿದಾಗಿನಿಂದ ಗೌರಿ ಕನ್ನಡಿಯ ಮುಂದೆ ನಿಲ್ಲುವುದು ಜಾಸ್ತಿಯಾಗಿತ್ತು. ಈ ಸಂಬಂಧ ತಪ್ಪಿದರೆ ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಆದ್ದರಿಂದ ನಾನು ಹುಳದ ಮೇಲೆ ಯುದ್ಧ ಸಾರಿದೆ. ಗೋಡಂಬಿಯನ್ನು ಮೊರದಲ್ಲಿ ಬಿಸಿಲಿಗೆ ಹರವಿದರೆ ಕಾಗೆಗಳು ಸಂಸಾರ ಸಮೇತ ಬಂದವು. ಬೇವಿನ ಸೊಪ್ಪು ಹಾಕಿದರೆ ಡಬ್ಬ ಆಸ್ಪತ್ರೆಯ ವಾಸನೆ ಹೊಡೆಯಿತು. ಒಣಮೆಣಸಿನಕಾಯಿ ಹಾಕಿ ಮಾರನೆಯ ದಿನ ಮೂಸಿ ನೋಡಿದೆ. ಆವತ್ತು ನಾನು ಪಾಠವನ್ನೆಲ್ಲ ಸೀನುತ್ತಲೇ ಮುಗಿಸಿದೆ. ಕೊನೆಗೆ ದಾರಿ ತೋರಿಸಿದವನು ಸಂತೆಗೆ ಬಂದಿದ್ದ ಹಾರನಹಳ್ಳಿಯ ಸಣ್ಣೇಗೌಡ. ಹೊಗೆಸೊಪ್ಪು ಬೆಳೆಯುವವನು.

"ಅಯ್ಯೋ, ಅದ್ಯಾವ ಮಹಾ ಕೆಲ್ಸ ಮೇಷ್ಟ್ರೇ. ನಮ್ ಬಿತ್ನೆ ಬೀಜಕ್ಕೆ ನಾವು ಮಾಡಾದು ಇಷ್ಟೇಯ. ಒಂದು ತುಂಡು ಒಗೆಸೊಪ್ಪ ಬಟ್ಟೇಲಿ ಕಟ್ಟಿ ಮೇಲ್ಗಡೆ ಇಕ್ಬುಡಿ. ಉಳ ಅತ್ರಕ್ಕೂ ಬರಾಕಿಲ್ಲ ಕಣ್ರೀ" ಎಂದು ಒಂದು ಕಟ್ಟನ್ನೇ ಕೊಟ್ಟು ಹೋದ.

ಒಂದು ತುಂಡಿಗೆ ಹುಳ ಹತ್ತಿರ ಬರದಿದ್ದರೆ ಒಂದು ಕಟ್ಟಿಗೆ ತಾಲ್ಲೂಕು ಬಿಟ್ಟೇ ಹೋಗಬೇಕಲ್ಲ ಎಂದು ನಾನು ಲೆಕ್ಕ ಹಾಕಿದೆ. ಬಟ್ಟೆ ಯಾಕೆ ಬೇಕೆಂದೂ ಹೊಳೆಯಲಿಲ್ಲ. ಎಲೆಯನ್ನೆಲ್ಲ ಪುಡಿಮಾಡಿ ಗೋಡಂಬಿಯ ಜೊತೆ ಕಲಸಿ ಮುಚ್ಚಳ ಬಿಗಿದೆ. ಹೆಣ್ಣು ನೋಡಲು ಬರುವ ದಿನ ಬೆಳಿಗ್ಗೆ ಪುಡಿಯನ್ನು ಜರಡಿ ಹಿಡಿದು, ಗೋಡಂಬಿಯನ್ನು ಪಂಚೆಯಲ್ಲಿ ಒರೆಸಿ ಪಾರ್ವತಿಗೆ ಕೊಟ್ಟೆ. ಒಂದು ಹುಳವೂ ಇರಲಿಲ್ಲ. ಅವಳಿಗೆ ನೆಗಡಿಯಾಗಿ ಮೂಗು ಕಟ್ಟಿತ್ತು. "ಅಂತೂ ಒಂದು ಕೆಲಸ ನೆಟ್ಟಗೆ ಮಾಡಿದ್ರಿ" ಅಂದಳು. ಮದುವೆಯಾದ ಮೇಲೆ ಅವಳ ಬಾಯಿಂದ ಬಂದ ಮೊದಲ ಹೊಗಳಿಕೆ ಅದು.

ಕೇಸರಿಬಾತು ಬಂತು. ಹುಡುಗ ಎರಡು ತುತ್ತು ತಿಂದು ಬೆವರತೊಡಗಿದ. ನಾಚಿಕೆ ಎಂದುಕೊಂಡೆವು. ಅವನ ತಾಯಿಗೆ ಬಿಕ್ಕಳಿಕೆ ಹತ್ತಿತು. ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎಂದುಕೊಂಡೆವು. ಆಮೇಲೆ ನಾನೂ ಒಂದು ಗೋಡಂಬಿ ಬಾಯಿಗೆ ಹಾಕಿಕೊಂಡೆ. ಗೋಡೆಯ ಮೇಲಿನ ದೇವರ ಪಟಗಳೆಲ್ಲ ನಿಧಾನವಾಗಿ ತಿರುಗಿದವು. ಬಾಗಿಲ ಸಂದಿಯಲ್ಲಿ ಗೌರಿಯ ಕಣ್ಣು ನನ್ನನ್ನೇ ನೋಡುತ್ತಿತ್ತು. ನನ್ನ ಕೈಯಾರೆ ತಂಗಿಯ ಬಾಳು ಹಾಳುಮಾಡಿದೆನಲ್ಲಾ ಎಂದು ನನ್ನನ್ನೇ ಬೈದುಕೊಂಡೆ.

ಆಗ ಗಂಡಿನ ತಂದೆ ಮಹದೇವಪ್ಪನವರು ತಟ್ಟೆ ಮುಂದೆ ಚಾಚಿದರು. "ಇನ್ನೊಸಿ ಬಡಿಸು ತಾಯಿ. ಗೋಡಂಬಿ ಜಾಸ್ತಿ ಹಾಕು." ಮೂರು ಸಲ ಹಾಕಿಸಿಕೊಂಡು ತಿಂದು, ಕಣ್ಣು ಅರೆಮುಚ್ಚಿ, "ಈ ಸಂಬಂಧ ನಮಗೆ ಒಪ್ಪಿಗೆ" ಎಂದುಬಿಟ್ಟರು. ಕೈ ತೊಳೆಯಲು ಹಿತ್ತಲಿಗೆ ಕರೆದೊಯ್ದಾಗ ನನ್ನ ಕಿವಿಯಲ್ಲಿ ಹೇಳಿದರು: "ನಮ್ಮನೆಯವಳು ಆಣೆ ಹಾಕಿಸಿ ಹೊಗೆಸೊಪ್ಪು ಬಿಡಿಸಿ ಆರು ತಿಂಗಳಾಯ್ತು ಮೇಷ್ಟ್ರೇ. ಬಾಯಿಗೆ ಎಲೆ ಮುಟ್ಟಿಸಲ್ಲ ಅಂದಿದ್ದೆ. ಕೇಸರಿಬಾತು ತಿನ್ನಲ್ಲ ಅಂತೇನೂ ಅಂದಿರಲಿಲ್ಲ."

ಮದುವೆ ಚೆನ್ನಾಗಿ ನಡೆಯಿತು. ಗೌರಿ ಸುಖವಾಗಿದ್ದಾಳೆ. ಮೊದಲ ಹಬ್ಬಕ್ಕೆ ಬಂದವಳು, "ಅಣ್ಣ, ಮಾವನವರಿಗೆ ಬೇರೆ ಗೋಡಂಬಿ ಸೇರೋದೇ ಇಲ್ಲ, ನಿನ್ನ ಕೈಯಿಂದಾನೇ ಬೇಕಂತೆ" ಎಂದಳು. ಅಂದಿನಿಂದ ತಿಂಗಳಿಗೊಂದು ಡಬ್ಬ ತಪ್ಪದೆ ಹೋಗುತ್ತಿದೆ. ಗುಟ್ಟು ಹೇಳಿದರೆ ಬೀಗರ ಆಣೆ ಮುರಿದ ಸುದ್ದಿ ಬೀಗಿತ್ತಿಯನ್ನು ಮುಟ್ಟುತ್ತದೆ. ಹಾಗಾಗಿ ತಿಂಗಳು ತಿಂಗಳೂ ಸಂತೆಯಲ್ಲಿ ನನ್ನ ವಿದ್ಯಾರ್ಥಿಗಳ ತಂದೆತಾಯಿಯರ ಎದುರೇ ನಿಂತು ಹೊಗೆಸೊಪ್ಪು ಆರಿಸುತ್ತೇನೆ.

ಮೊನ್ನೆ ಅಂಗಡಿಯವನು ಕಟ್ಟು ಕಟ್ಟುತ್ತ ಮರುಕದಿಂದ ಕೇಳಿದ: "ಈ ಚಟ ಯಾವಾಗಿಂದ ಅಂಟ್ಕಂತು ಮೇಷ್ಟ್ರೇ?"

"ನನಗಲ್ಲ ಕಣಯ್ಯ, ಗೋಡಂಬಿಗೆ" ಎಂದೆ.

ಅವನು ಪಕ್ಕದವನ ಮುಖ ನೋಡಿ, "ತಲೆಗೇ ಏರ್ಬುಟ್ಟದೆ" ಅಂದ.