ಸರ್ವರಿಗೆ ಭಂಡಾರ ಹಚ್ಚಿದ ಮಾಮಾ

ನಮ್ಮ ಮಾಮಾನ ಮೈಮೇಲೆ ಸರ್ವರ್ ಬರುತ್ತದೆ ಎಂದು ನಮ್ಮ ಬಳಗದ ಅರ್ಧ ಜನ ನಂಬಿದ್ದಾರೆ. ಉಳಿದ ಅರ್ಧ ಜನ, ಇಲ್ಲ, ಸರ್ವರಿನ ಮೈಮೇಲೆ ಮಾಮಾನೇ ಬರುತ್ತಾನೆ ಎನ್ನುತ್ತಾರೆ. ಮಾಮಾ, ಸರ್ವರ್ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಹಲವು ವರ್ಷ ನೋಡಿದ ನನ್ನನ್ನು ಕೇಳಿದರೆ, ಎರಡೂ ಖರೆ!

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ಮುಧೋಳದ ಹತ್ತಿರದ ಒಂದು ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ವಿಭಾಗಕ್ಕೆ ಅವನೇ ಮುಖ್ಯಸ್ಥ. ವಿಭಾಗದಲ್ಲಿ ಅವನನ್ನು ಬಿಟ್ಟರೆ ಇದ್ದವಳು ನಾನೊಬ್ಬಳೇ. ಹೀಗಾಗಿ ಮುಖ್ಯಸ್ಥನ ದರ್ಪವನ್ನೆಲ್ಲ ಅವನು ನನ್ನೊಬ್ಬಳ ಮೇಲೆಯೇ ಖರ್ಚು ಮಾಡಬೇಕಾಗಿತ್ತು. ನಮ್ಮದು ಬೀರೇಶ್ವರನ ಒಕ್ಕಲು. ಮುತ್ತಜ್ಜನ ಕಾಲದವರೆಗೆ ಕುರಿಹಿಂಡಿನ ಹಿಂದೆ ಊರೂರು ತಿರುಗಿದ ಮನೆತನ. ಆಮೇಲೆ ಹೊಲ ಹಿಡಿದೆವು, ಸಾಲಿ ಕಲಿತೆವು, ನೌಕರಿಗೂ ಬಂದೆವು. ಆದರೆ ಗಂಟು ಕಟ್ಟುವ ಚಟ ಮಾತ್ರ ರಕ್ತ ಬಿಟ್ಟು ಹೋಗಲಿಲ್ಲ. ದೇವರ ದಯೆ ನೋಡಿ, ಮಾಮಾನಿಗೆ ಸಿಕ್ಕ ನೌಕರಿಯೂ ಗಂಟು ಕಟ್ಟುವುದೇ!

ಅದೇನೆಂದು ಹೇಳಿಬಿಡುತ್ತೇನೆ, ಗಾಬರಿಯಾಗಬೇಡಿ. ಯಾವ ರೈತನ ಕಬ್ಬು ಯಾವಾಗ ಕಡಿಯಬೇಕು ಎಂಬ ಪಾಳಿಯನ್ನು ತೋರಿಸುವ ಪ್ರೋಗ್ರಾಮೊಂದು ನಮ್ಮಲ್ಲಿತ್ತು. ಅದನ್ನು ಬರೆಯುವುದು ನನ್ನ ಕೆಲಸ. ಬರೆದದ್ದನ್ನು ಕಂಪೈಲ್ ಮಾಡಿದರೆ, ಅಂದರೆ ಯಂತ್ರಕ್ಕೆ ತಿಳಿಯುವಂತೆ ಅರೆದು ಕೊಟ್ಟರೆ, ರಾಶಿ ಸಣ್ಣ ಸಣ್ಣ ಫೈಲುಗಳಾಗುತ್ತವೆ. ಅವನ್ನೂ ಅವಕ್ಕೆ ಬೇಕಾದ ಸಾಮಾನುಗಳನ್ನೂ ಸೇರಿಸಿ ಒಂದೇ ಫೈಲಾಗಿ ಕಟ್ಟಬೇಕು. ಮಾಮಾನ ಬಾಯಲ್ಲಿ ಅದು 'ಗಂಟು'. ಆ ಗಂಟನ್ನು ಸರ್ವರಿನಲ್ಲಿ ಗೊತ್ತಾದ ಜಾಗದಲ್ಲಿ ಇಟ್ಟರಾಯಿತು. ಸರ್ವರ್ ತಾನೇ ಅದನ್ನು ಬಿಚ್ಚಿ, ಒಂದು ಫೋಲ್ಡರಿನಲ್ಲಿ ಸಂಸಾರ ಹೂಡಿ, ಕಾರ್ಖಾನೆ ಗೇಟಿನ ಟಿವಿಯಲ್ಲೂ ಜಮಖಂಡಿ, ಬೀಳಗಿ, ಬನಹಟ್ಟಿಯ ಕಚೇರಿಗಳಲ್ಲೂ ಪಾಳಿ ತೋರಿಸತೊಡಗುತ್ತದೆ. ಇಷ್ಟೇ ಕೆಲಸ. ಇಷ್ಟಕ್ಕೆ ಮಾಮಾ ಇಡೀ ದಿನ ಉಪವಾಸ ಇರುತ್ತಿದ್ದ!

ಕಟ್ಟಿದ ಗಂಟನ್ನು ಒಮ್ಮೆ ಬಿಚ್ಚಿ ನೋಡಲೇಬೇಕು ಎಂಬುದು ಅವನ ಕಾಯಿದೆ. "ಒಳಗ ಐತಿ ಅಂತ ತಿಳಕೊಳ್ಳೂದು ಬ್ಯಾರೆ, ಖರೇನ ಒಳಗ ಇರೂದು ಬ್ಯಾರೆ ಬೇ" ಎನ್ನುತ್ತಿದ್ದ. ಒಪ್ಪಿಕೊಳ್ಳೋಣ, ಗಂಟಿನಲ್ಲಿ ಒಂದು ಫೈಲು ಬಿಟ್ಟುಹೋದರೂ ಸರ್ವರ್ ಮುಖ ತಿರುಗಿಸಿ ಕೂರುತ್ತದೆ. ಆದರೆ ಈ ಕಾಯಿದೆಯನ್ನು ಜಮಖಂಡಿ ಬಸ್ ನಿಲ್ದಾಣದಲ್ಲಿ ಜಾರಿ ಮಾಡಬೇಕೆ? ಬಳಗದಲ್ಲಿ ಒಂದು ನಿಶ್ಚಯ ಕಾರ್ಯಕ್ಕೆಂದು ಸಾವಳಗಿಗೆ ಹೊರಟಿದ್ದೆವು. ಮಾಮಾನ ಹೆಂಡತಿ, ನಮ್ಮ ಅತ್ತಿ, ಬಸ್ ಹತ್ತಿ, ಕಿಟಕಿ ಪಕ್ಕದ ಸೀಟು ಹಿಡಿದು, ನಮ್ಮನ್ನು ಕೈಬೀಸಿ ಕರೆಯುತ್ತಿದ್ದಳು. ಮಾಮಾ ಕೆಳಗೆ ಕಂಬಳಿ ಹಾಸಿ, ಟ್ರಂಕು ಬಿಚ್ಚಿ, ಸೀರೆ, ಕುಪ್ಪಸದ ಖಣ, ಅಡಿಕೆ, ಉತ್ತತ್ತಿ ಎಂದು ಒಂದೊಂದೇ ತೆಗೆದಿಡುತ್ತ, ಮತ್ತೆ ಒಳಗಿಡುತ್ತ ಕೂತ. ಕಂಡಕ್ಟರ್ ಸೀಟಿ ಊದಿದ. ಬಸ್ ಹೋಯಿತು. ಮಾಮಾ ಟ್ರಂಕಿಗೆ ಚಿಲಕ ಹಾಕಿ ಗೆದ್ದವನಂತೆ ಎದ್ದು ನಿಂತ.

"ಎಲ್ಲಾ ಬರೋಬ್ಬರಿ ಐತಿ ನೋಡು! ಒಂದರ ಬಿಟ್ಟೈತೇನು?"

"ಅತ್ತಿ ಒಬ್ಬಾಕಿ ಬಿಟ್ಟಾಳ ಮಾಮಾ" ಎಂದೆ.

ಅತ್ತಿಯನ್ನು ಕೇಳಿದರೆ, ಲಗ್ನವಾದಾಗಿನಿಂದ ಅಷ್ಟು ಆರಾಮಾಗಿ ಅವಳು ಎಲ್ಲಿಗೂ ಹೋಗಿರಲಿಲ್ಲವಂತೆ.

ಇನ್ನು ಭಂಡಾರದ ಕತೆ. ಬೀರೇಶ್ವರನ ಭಂಡಾರ, ಅಂದರೆ ದೇವರ ಮುಂದಿನ ಅರಿಸಿನ ಪುಡಿ, ಇಲ್ಲದೆ ಮಾಮಾ ಯಾವ ಶುಭಕಾರ್ಯವನ್ನೂ ಮಾಡುವವನಲ್ಲ. ಹೊಸ ಗಂಟು ಇಡುವ ಮೊದಲು ಸರ್ವರಿನ ಹಣೆಗೆ ಒಂದು ಚಿಟಿಕೆ. ಸರ್ವರಿಗೆ ಹಣೆ ಎಲ್ಲಿದೆ ಎಂದು ಕೇಳಬೇಡಿ, ಮಾಮಾ ಫ್ಯಾನಿನ ಜಾಲರಿಯನ್ನೇ ಹಣೆ ಎಂದು ತೀರ್ಮಾನಿಸಿದ್ದ. ಒಮ್ಮೆ ಕಾರ್ಖಾನೆಯ ಅಧ್ಯಕ್ಷರು ಬಿಳಿ ಅಂಗಿ, ಬಿಳಿ ಧೋತರದಲ್ಲಿ ಬಂದು ಅದರ ಮುಂದೆ ನಿಂತ ಹೊತ್ತಿಗೇ ಫ್ಯಾನು ಜೋರಾಗಿ ತಿರುಗಬೇಕೆ! ಬಂದಾಗ ಅಧ್ಯಕ್ಷರಾಗಿದ್ದವರು ಹೋಗುವಾಗ ಮದುಮಗನಾಗಿದ್ದರು. ಆ ವಾರ ಯಂತ್ರ ಕೆಟ್ಟಿತು. ಬೆಳಗಾವಿಯಿಂದ ಬಂದ ಎಂಜಿನಿಯರ್ ಮುಚ್ಚಳ ತೆಗೆದವನೇ, "ಏನ್ರೀ ಇದು, ಒಳಗ ಯಾರದರ ಲಗ್ನ ಆಗೇತೇನ್ರಿ?" ಎಂದ. ಮಾಮಾನಿಗೆ ಒಂದಿಷ್ಟೂ ಸಂಕೋಚವಾಗಲಿಲ್ಲ. "ಇಷ್ಟ ದಿನ ನಡದದ್ದು ಅದರಿಂದನರೀ!" ಎಂದುಬಿಟ್ಟ.

ಸರ್ವರನ್ನು ಎಬ್ಬಿಸುವಾಗಲಂತೂ ನೋಡಬೇಕು ಅವನ ಮರ್ಯಾದೆ! ಚಪ್ಪಲಿ ಹೊರಗೆ ಬಿಟ್ಟು, ಕೈಕಟ್ಟಿ ನಿಂತು, "ಏಳ್ರೀ ಸಾಹೇಬ್ರ, ಹೊತ್ತಾತರಿ" ಎಂದು ಶುರು. ಪರದೆಯ ಮೇಲೆ ತಪ್ಪಿನ ಸಾಲು ಬಂದರೆ "ಏಳಪಾ ತಮ್ಮಾ" ಎಂದು ಇಳಿಯುತ್ತಿದ್ದ. ಮತ್ತೂ ಏಳದಿದ್ದರೆ "ಏಳಲೇ ಮಗನ!" ಹೊರಗೆ ವರಾಂಡದಲ್ಲಿ ಕೂತ ರೈತರು ಒಳಗಿನ ಕೂಗಿನಿಂದಲೇ ನಮ್ಮ ಕೆಲಸ ಎಲ್ಲಿಗೆ ಬಂತೆಂದು ತಿಳಿದುಕೊಳ್ಳುತ್ತಿದ್ದರು. "ಇನ್ನೂ ತಮ್ಮಾ ಅನ್ನಾಕತ್ತಾನು, ಚಾ ಕುಡದ ಬರೂಣು ನಡೀರಿ" ಎಂದು ಎದ್ದುಹೋಗುವುದನ್ನು ನಾನೇ ಕೇಳಿದ್ದೇನೆ.

ಇಷ್ಟೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಒಂದಿತ್ತು. ಮಾಮಾ ಹಳೆಯದನ್ನು ಅಳಿಸುತ್ತಿರಲಿಲ್ಲ! ಹೊಸ ಗಂಟು ಬಂದಾಗ ಎಚ್ಚರವಿದ್ದ ಸರ್ವರ್ ತಾನೇ ಹಳೆಯ ಫೋಲ್ಡರನ್ನು ತೆಗೆದುಹಾಕುತ್ತದೆ. ಅದಕ್ಕೆ ಮೊದಲೇ ಮಾಮಾ ಅದರ ಪ್ರತಿ ಮಾಡಿ ಇನ್ನೊಂದು ಕಡೆ ಅಡಗಿಸಿಡುತ್ತಿದ್ದ. 'ಹಳೇದು', 'ಖರೇ ಹಳೇದು', 'ಅದಕ್ಕಿಂತ ಹಳೇದು', 'ಇದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ' ಎಂಬ ಹೆಸರಿನ ಫೋಲ್ಡರುಗಳಿಂದ ಡಿಸ್ಕು ತುಂಬಿ ಉಸಿರುಗಟ್ಟುತ್ತಿತ್ತು. ಕೇಳಿದರೆ ಮನೆತನದ ಪದ್ಧತಿ ಹೇಳುತ್ತಿದ್ದ. ನಮ್ಮಲ್ಲಿ ಮನೆ ಬದಲಿಸುವಾಗ ಮೊದಲು ಹೊಸ ಮನೆಯಲ್ಲಿ ದೀಪ ಹಚ್ಚಬೇಕು. ಆಮೇಲೆ ಹಳೆಯ ಮನೆಗೆ ತಿರುಗಿ ಹೋಗಿ, ಕಾಯಿ ಒಡೆದು, ಹೋಗಿ ಬರುತ್ತೇವೆಂದು ಹೇಳಿ, ಬಾಗಿಲು ಹಾಕಿಕೊಂಡು ಬರಬೇಕು. ಅಲ್ಲಿಯವರೆಗೆ ಹಳೆಯದಕ್ಕೆ ಕೈ ಹಚ್ಚುವಂತಿಲ್ಲ.

"ದೀಪ ಹತ್ತಿ ವರ್ಷಾತಲ್ಲ ಮಾಮಾ, ಈಗರ ಬಾಗಲಾ ಹಾಕು" ಎಂದು ನಾನು ಕಾಡುತ್ತಿದ್ದೆ.

"ನೋಡೂಣು ತಗೋ" ಎಂದು ಅವನು ಮುಖ ಆ ಕಡೆ ಮಾಡುತ್ತಿದ್ದ.

ಹೀಗಿರುವಾಗ ಒಂದು ವರ್ಷ ಕಾರ್ಖಾನೆಯ ಆಡಳಿತ ಮಂಡಳಿಯವರು ಪುಣೆಯ ಒಂದು ಕಂಪನಿಯವನನ್ನು ಕರೆಸಿದರು. ಕಬ್ಬು ನುರಿಸುವ ಹಂಗಾಮಿನ ಮೊದಲ ದಿನ ಬೆಳಿಗ್ಗೆ ಹೊಸ ಪಾಳಿ ಸರಿಯಾಗಿ ಕಂಡರೆ ಕೆಲಸ ನಮ್ಮ ಹತ್ತಿರ, ಇಲ್ಲವಾದರೆ ಪುಣೆಗೆ. ನನ್ನನ್ನು ಹೇಗೂ ಲೆಕ್ಕದ ವಿಭಾಗದಲ್ಲಿ ಕೂರಿಸುತ್ತಿದ್ದರು. ಮಾಮಾನನ್ನು ಮಾತ್ರ ಗೋಣಿಚೀಲದ ಗೋದಾಮಿಗೆ ಕಳಿಸುವುದೆಂದು ಮಾತಾಗಿತ್ತು. ಅವನು ಆ ಸುದ್ದಿ ಕೇಳಿ, "ಗೋದಾಮಿನ್ಯಾಗ ನಾ ಯಾರನ್ನ ಎಬ್ಬಸಲಿ ಬೇ?" ಎಂದ. ನನಗೆ ನಗುವೂ ಬಂತು, ಕೆಟ್ಟದ್ದೂ ಅನಿಸಿತು.

ಗಂಟು ಕಟ್ಟಿದೆವು. ಬಿಚ್ಚಿ ನೋಡಿದೆವು. ಮತ್ತೆ ಕಟ್ಟಿದೆವು. ನನ್ನ ಕಂಪ್ಯೂಟರಿನಲ್ಲಿ ಓಡಿಸಿದರೆ ಬಂಗಾರದಂತೆ ಓಡಿತು. ಮೊದಲ ದಿನ ಬಾಯ್ಲರ್ ಪೂಜೆ. ಪೂಜೆಗೆಂದು ಕಾರ್ಖಾನೆಯ ಯಂತ್ರಗಳನ್ನೆಲ್ಲ ನಿಲ್ಲಿಸಿ, ತೊಳೆದು, ಕುಂಕುಮ ಹಚ್ಚಿದ್ದರು. ಮಾಮಾ ಸರ್ವರನ್ನೂ ನಿಲ್ಲಿಸಿದ್ದ. "ತಿರಗೂ ಯಂತ್ರಕ್ಕ ಯಾರರ ಪೂಜಿ ಮಾಡತಾರೇನು?" ಎಂಬುದು ಅವನ ಪ್ರಶ್ನೆ. ಮಲಗಿದ ಸರ್ವರಿನಲ್ಲೇ ಹೊಸ ಗಂಟು ಇಟ್ಟು, ಭಂಡಾರ ಹಚ್ಚಿ, "ಏಳ್ರೀ ಸಾಹೇಬ್ರ" ಎಂದ. ಒಂದೇ ಕೂಗಿಗೆ ಎದ್ದಿತು! ಒಂದೂ ತಪ್ಪಿನ ಸಾಲಿಲ್ಲ. ಮಾಮಾ ನನ್ನತ್ತ ನೋಡಿ ಮೀಸೆ ತಿರುವಿದ.

ಅಷ್ಟರಲ್ಲಿ ಗೇಟಿನ ಕಡೆಯಿಂದ ಗದ್ದಲ. ಹುನ್ನೂರಿನ ರೈತನೊಬ್ಬ ಒಳಗೆ ಓಡಿಬಂದ. "ಸಾಹೇಬ್ರ, ಹೋದ ವರ್ಷ ನಂದು ಮೊದಲನೇ ಪಾಳಿ ಇತ್ತು, ಈ ವರ್ಷಾನೂ ಮೊದಲನೇದ ಬಂದೇತಿ! ನಿಮ್ಮ ಹೊಟ್ಟಿ ತಣ್ಣಗಿರಲಿ!" ಎಂದು ಮಾಮಾನ ಕಾಲು ಮುಟ್ಟಲು ಬಂದ. ನಾನು ಪರದೆ ನೋಡಿದೆ. ಅಲ್ಲಿ ಕಾಣುತ್ತಿದ್ದದ್ದು ಹೋದ ವರ್ಷದ ಪಾಳಿ!

ಏನಾಗಿತ್ತೆಂದು ಗೊತ್ತಾಗಲು ಬಹಳ ಹೊತ್ತು ಬೇಕಾಗಲಿಲ್ಲ. ಎಚ್ಚರವಿದ್ದಾಗ ಹೊಸ ಗಂಟು ಬಂದರೆ ಸರ್ವರ್ ಹಳೆಯದನ್ನು ತೆಗೆದು ಹೊಸದನ್ನು ಬಿಚ್ಚಿಕೊಳ್ಳುತ್ತದೆ. ಮಲಗಿದ್ದಾಗ ತಂದಿಟ್ಟರೆ, ಎದ್ದ ಕೂಡಲೇ ತನ್ನ ಹಳೆಯ ಫೋಲ್ಡರು ಇದ್ದಲ್ಲೇ ಇರುವುದನ್ನು ನೋಡಿ ಅದರಲ್ಲೇ ಆರಾಮಾಗಿ ಕೂರುತ್ತದೆ. ಗಂಟಿನ ಕಡೆ ತಿರುಗಿಯೂ ನೋಡುವುದಿಲ್ಲ. ಹಳೆಯ ಫೋಲ್ಡರನ್ನು ತೆಗೆದು ಮತ್ತೆ ಎಬ್ಬಿಸಿದರೆ ಮುಗಿಯಿತು. ಬಾಗಿಲಲ್ಲಿ ಪುಣೆಯವನು ಬ್ಯಾಗು ಹೆಗಲಿಗೇರಿಸಿ ನಗುತ್ತ ನಿಂತಿದ್ದ. ಅಧ್ಯಕ್ಷರು ಪೂಜೆ ಮುಗಿಸಿ ಇತ್ತ ಬರುತ್ತಿದ್ದರು.

"ಮಾಮಾ, ಹಳೇ ಫೋಲ್ಡರ್ ಅಳಸು. ಲಗೂನ!"

ಮಾಮಾ ಮೌಸಿನಿಂದ ಕೈ ತೆಗೆದ. "ಹೊಸದು ಇನ್ನೂ ಎದ್ದಿಲ್ಲ ಬೇ. ಹಳೇದನ್ನ ಹೆಂಗ ತಗೀಲಿ?"

"ಅದನ್ನ ತಗದ್ರನ ಹೊಸದು ಏಳತೈತಿ! ಗೋದಾಮಿಗೆ ಹೋಗತಿಯೇನು?" ಎಂದು ಕೂಗಿಬಿಟ್ಟೆ.

ಅವನು ಮೆಲ್ಲಗೆ ಹೇಳಿದ: "ಆಲಮಟ್ಟಿ ಹಿನ್ನೀರು ಬಂದಾಗ ನಿಮ್ಮ ಆಯಿ ಹೊಸ ಮನಿಯೊಳಗ ದೀಪಾ ಹಚ್ಚಿ, ಕಾಯಿ ಹಿಡಕೊಂಡು ಹಳೇ ಮನಿಗೆ ಬಂದ್ಲು. ನಾನಽ ಕರಕೊಂಡ ಹೋಗಿದ್ದೆ. ಅಷ್ಟರಾಗ ನೀರು ಏರಿತ್ತು. ಬಾಗಲಾ ನೀರಾಗಿತ್ತು. ಎಲ್ಲಿ ಹಾಕೂದು ಬಾಗಲಾ? ದಂಡಿ ಮ್ಯಾಲೆ ನಿಂತು ನಿಂತು, ಕಾಯಿ ಒಡೀದಽ ಹಂಗಽ ತಿರುಗಿ ತಂದ್ಲು. ಸಾಯೂತನಾ ಅಂತಿದ್ಲು, ಮನಿಗೆ ಒಂದ ಮಾತ ಹೇಳಿ ಬರಲಿಲ್ಲಲ್ಲೋ ಅಂತ."

ಆಯಿ ಎಂದರೆ ನನ್ನ ಅಜ್ಜಿ, ಮಾಮಾನ ತಾಯಿ. ಬೀಳಗಿ ಕಡೆಯ ಆ ಮನೆ ಮುಳುಗಿದ್ದು ನನಗೆ ಗೊತ್ತಿತ್ತು. ಕಾಯಿಯ ವಿಷಯ ಗೊತ್ತಿರಲಿಲ್ಲ.

"ಅಳಸೂದಿಲ್ಲ ಮಾಮಾ" ಎಂದೆ. "ಬಾಜೂಕ ಸರಸಿ ಇಡತೀನಿ. ಹೊಸದು ಎದ್ದ ಮ್ಯಾಲೆ ನೀನಽ ಬಾಗಲಾ ಹಾಕು."

ಅವನು ತಲೆಯಾಡಿಸಿದ. ಸರ್ವರ್ ನಿಲ್ಲಿಸಿ, ಫೋಲ್ಡರನ್ನು ಬೇರೆ ಜಾಗಕ್ಕೆ ಸರಿಸಿದೆ. ಈ ಸಲ ಸಾಹೇಬರೂ ಇಲ್ಲ, ತಮ್ಮನೂ ಇಲ್ಲ. "ಏಳು ನಮ್ಮಪ್ಪಾ" ಎಂದ ಮಾಮಾ. ಅಧ್ಯಕ್ಷರು ಬಾಗಿಲು ದಾಟುವ ಹೊತ್ತಿಗೆ ಹೊಸ ಪಾಳಿ ಕಾಣತೊಡಗಿತ್ತು. ಅವರು ಫ್ಯಾನಿನಿಂದ ದೂರ ನಿಂತೇ ನೋಡಿ, "ಛಲೋ ಆತು" ಎಂದರು. ಪುಣೆಯವನು ಪ್ರಸಾದ ತಿಂದು ಊರಿಗೆ ಹೋದ. ಹುನ್ನೂರಿನವನೊಬ್ಬನೇ, "ಮೊದಲಿಂದನ ಬರೋಬ್ಬರಿ ಇತ್ತಲ್ಲರೀ, ಯಾಕ ಕೆಡಸಿದ್ರಿ?" ಎಂದು ಗೊಣಗುತ್ತಿದ್ದ.

ಎಲ್ಲರೂ ಊಟಕ್ಕೆ ಹೋದ ಮೇಲೆ ಮಾಮಾ ಎಲ್ಲಿಂದಲೋ ಒಂದು ಕಾಯಿ ತಂದ. ಹೊಸ್ತಿಲಿನ ಮೇಲೆ ಒಡೆದು, ಎರಡೂ ಹೋಳು ಸರ್ವರಿನ ಮುಂದಿಟ್ಟ. ಜಾಲರಿಗೆ ಭಂಡಾರ ಹಚ್ಚಿದ. ನಾನು ಸರಿಸಿಟ್ಟ ಫೋಲ್ಡರನ್ನೂ, ತಾನು ವರ್ಷಗಳಿಂದ ಅಡಗಿಸಿಟ್ಟ ಅಷ್ಟೂ ಹಳೆಯವನ್ನೂ ಒಟ್ಟಿಗೆ ಆರಿಸಿದ. ಖಾತ್ರಿಯೇ ಎಂದು ಯಂತ್ರ ಇಂಗ್ಲಿಷಿನಲ್ಲಿ ಕೇಳಿತು. ಆ ಪ್ರಶ್ನೆಗೆ ಮಾಮಾ ಅಲ್ಲಿಯವರೆಗೆ ಹೌದೆಂದದ್ದೇ ಇರಲಿಲ್ಲ.

"ಹೋಗಿ ಬರತೀವಿ ಅಂತ ಹೇಳೀನವ್ವಾ" ಎಂದ, ತನ್ನ ತಾಯಿ ಎದುರಿಗೇ ನಿಂತಂತೆ. "ಬಾಗಲಾ ಹಾಕತೇನಿ."

ಗುಂಡಿ ಒತ್ತಿದ. ಫ್ಯಾನು ಜೋರಾಗಿ ತಿರುಗಿ ಭಂಡಾರ ನಮ್ಮಿಬ್ಬರ ಮುಖಕ್ಕೂ ಹಾರಿತು. ನನಗೆ ಅಳು ತಡೆಯಲಾಗಲಿಲ್ಲ. ಮುಖ ಒರೆಸಿಕೊಳ್ಳಲೂ ಇಲ್ಲ.