ಮೂಗಿಲ್ಲದ ಕಾರು

ಬೆಳಿಗ್ಗೆ ಉಮಾಪತಿ ಚಹಾ ಕುಡಿದು ಎದ್ದಾಗ ಹೆಂಡತಿ ಗುರುಬಸಮ್ಮ ಒಂದು ಕರೀ ದಾರ ತಂದು ಅವನ ಕೈಗಿಟ್ಟಳು. ದಾರದಲ್ಲಿ ಏಳು ಹಸಿಮೆಣಸಿನಕಾಯಿ, ಅವುಗಳ ಕೆಳಗೆ ಒಂದು ದಪ್ಪ ನಿಂಬೆಹಣ್ಣು.

"ಹೊಸಾ ಗಾಡಿ ಮುಂದ ಕಟ್ಟು. ಮರೀಬ್ಯಾಡ."

"ಗಾಡಿ ರಾಯರದು. ದೃಷ್ಟಿ ತಗಲಿದ್ರ ಅವರಿಗೆ ತಗಲತೈತಿ. ನಿನಗ್ಯಾಕ ಚಿಂತಿ?"

"ಗಾಡಿಗಲ್ಲ, ನಿನ್ನ ಕೆಲಸಕ್ಕ ಕಟ್ಟಾಕತ್ತೀನಿ. ಅದರ ಮ್ಯಾಲ ಯಾರ ಕಣ್ಣೂ ಬೀಳಬಾರದು."

ಉಮಾಪತಿ ದಾರವನ್ನು ಟವೆಲಿನಲ್ಲಿ ಸುತ್ತಿಕೊಂಡ. ಅವನ ಚಿಂತೆಯೂ ಅದೇ. ಕಂಟೋನ್ಮೆಂಟಿನ ವಾಸುದೇವರಾಯರ ಮನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಒಂದೇ ಅಂಬಾಸಿಡರ್ ಓಡಿಸಿದ್ದ. ಅದು ಕೆಮ್ಮಿದರೆ ಯಾಕೆ ಕೆಮ್ಮಿತು, ಗೊಣಗಿದರೆ ಯಾಕೆ ಗೊಣಗಿತು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ಹೋದ ವಾರ ಅದನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋದರು. ಅದೇ ಜಾಗದಲ್ಲಿ ಕರೆಂಟಿನ ಕಾರು ಬಂದು ನಿಂತಿತು. ನಿನ್ನೆ ಸಂಜೆ ರಾಯರು, "ನಾಳೆ ಸಿರುಗುಪ್ಪಕ್ಕ ಹೋಗಿಬರೂಣ. ಈ ಗಾಡಿ ಹೆಂಗದ ನೋಡೂಣ. ನಿನ್ನ ವಿಚಾರ ಆಮ್ಯಾಲ ಮಾಡೂಣಂತ" ಅಂದಿದ್ದರು. ಆ 'ಆಮ್ಯಾಲ' ಅವನನ್ನು ನಿದ್ದೆ ಮಾಡಗೊಟ್ಟಿರಲಿಲ್ಲ. ಐವತ್ತೆಂಟು ವರ್ಷದ ಡ್ರೈವರನನ್ನು ಇನ್ನು ಯಾರು ಕರೆಯುತ್ತಾರೆ?

ರಾಯರ ಅಂಗಳದಲ್ಲಿ ಕಾರು ಬೆಳ್ಳಗೆ ನಿಂತಿತ್ತು. ಮುಂದೆ ಜಾಲರಿ ಇಲ್ಲ. ಯಾರೋ ಇಸ್ತ್ರಿ ಪೆಟ್ಟಿಗೆಯಿಂದ ಮೂಗು ಒತ್ತಿಬಿಟ್ಟಂಥ ಮುಖ. ಬಾಗಿಲಿನ ಹಿಡಿಕೆ ಬಾಗಿಲೊಳಗೇ ಅಡಗಿ ಕೂತಿತ್ತು, ಅಂಗಡಿಯವನು ಚಿಲ್ಲರೆ ಬಚ್ಚಿಟ್ಟುಕೊಂಡ ಹಾಗೆ. ಬಾನೆಟ್ ಎತ್ತಿದರೆ ಇಂಜಿನ್ನಿನ ಜಾಗದಲ್ಲಿ ಒಂದು ಖಾಲಿ ಡಬ್ಬ. ಉಮಾಪತಿಗೆ ಹೆಣ ನೋಡಿದಷ್ಟು ಸಂಕಟವಾಯಿತು. ದಾರ ಕಟ್ಟಲು ಮುಂದೆ ಒಂದು ಕಂಬಿಯೂ ಇರಲಿಲ್ಲ. ದಾರದ ತುದಿಯನ್ನು ಬಾನೆಟ್ಟಿನ ಸಂದಿಗೆ ಸಿಕ್ಕಿಸಿ ಮುಚ್ಚಿದ. ನಿಂಬೆಹಣ್ಣು ಕಾರಿನ ಎದೆಯ ಮೇಲೆ ತೂಗಾಡಿತು.

ರಾಯರ ಹೆಂಡತಿ ವಿಜಯಾಬಾಯಿ ಬಂದು ಕಿಟಕಿಯಿಂದ ಸ್ಟೇರಿಂಗ್ ಸವರಿದರು, ಮದುವೆ ಮನೆಯಲ್ಲಿ ಬೇರೆಯವರ ಸೀರೆ ಮುಟ್ಟಿ ನೋಡುವ ಹಾಗೆ.

"ಇದಕ್ಕ ಕ್ಲಚ್ ಇಲ್ಲಂತಲ್ಲ ಉಮಾಪತಿ?"

"ಗೇರೂ ಇಲ್ರಿ ಅಮ್ಮಾವ್ರ."

ವಿಜಯಾಬಾಯಿ ನಿಟ್ಟುಸಿರು ಬಿಟ್ಟರು. ಇಪ್ಪತ್ತು ವರ್ಷದ ಹಿಂದೆ ಉಮಾಪತಿಯೇ ಅವರಿಗೆ ಅಂಬಾಸಿಡರ್ ಕಲಿಸಲು ಹೊರಟಿದ್ದ. ಕ್ಲಚ್ಚು, ಗೇರು ಎರಡೂ ಸೇರಿ ನಾಲ್ಕನೇ ದಿನಕ್ಕೆ ತುಳಸಿಕಟ್ಟೆಯ ಮೂಲೆ ಮುರಿದಿದ್ದವು. ಪಾಠ ಅಲ್ಲಿಗೇ ನಿಂತಿತ್ತು.

ಆ ದಿನದ ಕೆಲಸ ಇಷ್ಟು: ಕುರುಗೋಡಿನ ಬಡಿಗೇರರ ಮನೆಯಿಂದ ತೊಟ್ಟಿಲು ತೆಗೆದುಕೊಂಡು, ಹನ್ನೆರಡರೊಳಗೆ ಸಿರುಗುಪ್ಪದಲ್ಲಿರುವ ರಾಯರ ತಂಗಿಯ ಮನೆ ಮುಟ್ಟಬೇಕು. ಆಕೆಯ ಮೊಮ್ಮಗುವಿಗೆ ಅವತ್ತು ಹೆಸರಿಡುವುದು. ತೊಟ್ಟಿಲಿಲ್ಲದೆ ಏನು ಹೆಸರು?

ಕಾರು ಸದ್ದಿಲ್ಲದೆ ಹಿಂದಕ್ಕೆ ಸರಿದು ಗೇಟಿಗೆ ಮುಖ ಮಾಡಿತು. ಅಲ್ಲಿ 'ಕೀಂ ಕೀಂ' ಎಂದು ಅರಚಿ ತಾನೇ ಬ್ರೇಕು ಹಾಕಿಕೊಂಡು ನಿಂತಿತು.

"ಏನಾತೋ?" ಅಂದರು ರಾಯರು.

"ಏನಿಲ್ರಿ, ಹೊಸಾದೈತಿ, ನಾಚಿಕೊಳ್ಳಾಕತ್ತೈತಿ."

ಮತ್ತೆ ಒತ್ತಿದ. ಮತ್ತೆ ಅರಚಿತು. ಮುಂದೆ ನಾಯಿ ಇಲ್ಲ, ನರಪಿಳ್ಳೆ ಇಲ್ಲ. ಕೊನೆಗೆ ಎರಡಡಿ ಹಿಂದಕ್ಕೆ ಬಂದು, "ನಡಿಯವ್ವಾ, ನಮ್ಮವ್ವಾ, ನನ್ನ ಮಾನ ಕಳೀಬ್ಯಾಡ" ಎಂದು ಸ್ಟೇರಿಂಗ್ ತಟ್ಟಿ ಜೋರಾಗಿ ಒತ್ತಿದ. ಹೊರಟಿತು. ಓಟ ಹಿಡಿದ ಮೇಲೆ ತೆಪ್ಪಗಿತ್ತು. ಆದರೆ ರಸ್ತೆಯ ಉಬ್ಬಿಗೆ, ಎಮ್ಮೆಗೆ, ತಿರುವಿಗೆ, ಎಲ್ಲಿ ನಿಧಾನಿಸಿದರೂ ಅದೇ ಕೀಂ ಕೀಂ, ಅದೇ ಹಠ. ಪ್ರತಿ ಸಲವೂ ಎರಡಡಿ ಹಿಂದೆ, ಒಂದು ತಟ್ಟು, 'ನಡಿಯವ್ವಾ'. ಹಿಂದಿನ ಸೀಟಿನಲ್ಲಿ ರಾಯರು ಕತ್ತು ಚಾಚಿ ಅವನನ್ನೇ ನೋಡುತ್ತಿದ್ದರು. ಬೈದಿದ್ದರಾದರೂ ಚೆನ್ನಾಗಿತ್ತು. ಆ ನೋಟ ಉಮಾಪತಿಯ ಬೆನ್ನಿಗೆ ಕಾದ ತಗಡಿನಂತೆ ತಾಗುತ್ತಿತ್ತು.

ಕುರುಗೋಡಿನಲ್ಲಿ ತೊಟ್ಟಿಲು ಹೇರಿಕೊಂಡದ್ದಾಯಿತು. ಊರು ದಾಟುವ ಮೊದಲು ರಂಗಣ್ಣನ ಚಹಾ ಹೋಟೆಲಿನ ಮುಂದೆ ಕಾರು ಮೊಂಡು ಬಿತ್ತು. ಹಿಂದಕ್ಕೆ ಸರಿಯೋಣವೆಂದರೆ ಮೇವಿನ ಟ್ರ್ಯಾಕ್ಟರ್ ಬೆನ್ನಿಗಂಟಿ ನಿಂತಿತ್ತು. ಅದರವನು ಇಳಿದು ಹೋಗಿ ಇಡ್ಲಿಗೆ ಕೂತಿದ್ದ. ರಾಯರು ಗಡಿಯಾರ ನೋಡಿಕೊಂಡು ಹೋಟೆಲಿನ ನೆರಳಿಗೆ ಹೋದರು.

ಕಾರಿನ ಸುತ್ತ ಜನ ಕೂಡಿದರು. ಲಾರಿ ಡ್ರೈವರ್ ಎರ್ರಿ ಕೈಯಲ್ಲಿದ್ದ ಚಹಾದ ಗ್ಲಾಸಿನ ಸಮೇತ ಬಂದ.

"ಏಮಿ ಸಾಮಿ, ಬಂಡಿ ಕೆಟ್ಟೈತೇನು?"

"ಕೆಟ್ಟಿಲ್ಲಪಾ, ಮುನಿಸಿಕೊಂಡೈತಿ."

"ಇದಕ್ಕ ಮೂಗ ಇಲ್ಲಲ್ಲೋ! ಉಸಿರು ಹೆಂಗ ಆಡತೈತಿ?"

ಮೆಕ್ಯಾನಿಕ್ ಜಂಬಣ್ಣ ಹೆಗಲ ಮೇಲಿನ ಬಟ್ಟೆಗೆ ಕೈ ಒರೆಸಿಕೊಂಡು ಜನರನ್ನು ಸರಿಸಿದ. "ಕರೆಂಟಿನ ಬಂಡಿ ಉಸಿರಾಡಲ್ಲಲೇ. ನಿಮ್ಮನ್ಯಾಗ ಟ್ಯೂಬ್‌ಲೈಟ್ ಉಸಿರಾಡತೈತೇನು? ಸ್ಟೆಪ್ನಿ ಎಲ್ಲೈತಿ ಉಮಾಪತಣ್ಣ?"

"ಸ್ಟೆಪ್ನಿನೂ ಇಲ್ಲ. ಆ ಜಾಗಕ್ಕ ಟೈರಿಗೆ ಗಾಳಿ ಹೊಡಿಯೋ ಒಂದು ಡಬ್ಬಿ ಕೊಟ್ಟಾರ."

"ಸ್ಟೆಪ್ನಿ ಇಲ್ದ ಗಾಡಿ ತಗೊಂಡು ಹಾದಿಗೆ ಬಂದೀಯಲ್ಲ, ನಿಂದು ಗುಂಡಿಗಿ ದೊಡ್ಡದು ಬಿಡು. ನಿಮ್ಮ ಅಂಬಾಸಿಡರ್ ಏನು ಗಾಡಿ! ಸ್ಟೇರಿಂಗ್ ಬುಡದಾಗ ಗೇರು, ಕಾಲಾಗ ಲೈಟಿನ ಬಟನ್ನು. ಮುಂದ ಮೂರು ಮಂದಿ ಕುಂತ್ರೂ ನಾಕನೇದವಗ ಜಾಗ ಇರ್ತಿತ್ತು."

"ಮತ್ತ ಆ ಮೂಲಿ ಕಿಟಕಿ?" ಅಂದ ಎರ್ರಿ. "ಬೀಡಿ ಹೊಗಿ ಹೊರಗ ಹಾಕಾಕ ಅಂತನ ಮಾಡಿದ್ರು ನೋಡು ಅದನ್ನ. ಇದಕ್ಕ ಎಲ್ಲೈತಿ ಅಂಥದ್ದು?"

"ಇದರ ಕಿಟಕಿ ಇಳಸಾಕೂ ಟೀವಿ ಮುಟ್ಟಬೇಕಂತ!" ಅಂದ ಜಂಬಣ್ಣ, ಸ್ಟೇರಿಂಗ್ ಪಕ್ಕದ ಪರದೆ ತೋರಿಸಿ.

ಎಲ್ಲರೂ ನಕ್ಕರು. ಉಮಾಪತಿಗೆ ನಗು ಬರಲಿಲ್ಲ. ಹೋಟೆಲಿನೊಳಗೆ ರಾಯರು ಫೋನ್ ಹಿಡಿದು ಯಾರಿಗೋ ಏನೋ ಹೇಳುತ್ತ, ಕಾರಿನ ಕಡೆ ಕೈ ಮಾಡಿ, ಅಡ್ಡಡ್ಡ ತಲೆಯಾಡಿಸುತ್ತಿದ್ದರು. ತನ್ನ ಲೆಕ್ಕ ಮುಗಿಯಿತು ಎಂದುಕೊಂಡ.

ಜಂಬಣ್ಣ ಕಾರಿನ ಮುಂದೆ ಕೂತು, ಎದ್ದು, ಮತ್ತೆ ಕೂತು ತೀರ್ಪು ಹೇಳಿದ. "ಮಷೀನಿಗೆ ಏನೂ ಆಗಿಲ್ಲ. ಇದು ದೃಷ್ಟಿ. ಇಷ್ಟು ಬೆಳ್ಳಗಿದ್ರ ತಗಲಲಾರದ ಇರತೈತೇನು?"

"ದೃಷ್ಟಿಗೆ ಕಟ್ಟೀನಲ್ಲೋ ಮಾರಾಯ!"

"ಒಂದು ಸಾಲೂದಿಲ್ಲ ಬಿಡು."

ರಂಗಣ್ಣ ತನ್ನ ಹೋಟೆಲಿನ ಬಾಗಿಲಿನಲ್ಲಿದ್ದ ಹಳೇ ದಾರ ಬಿಚ್ಚಿ ತಂದ, ಎರಡು ನಿಂಬೆಹಣ್ಣು. ಎರ್ರಿ ತನ್ನ ಲಾರಿಯ ಚೆಂಡುಹೂವಿನ ಮಾಲೆ ತಂದು ಬಾನೆಟ್ಟಿನಿಂದ ಇಳಿಬಿಟ್ಟ. ಜಂಬಣ್ಣ ಅರಿಶಿನ ಕುಂಕುಮ ಬಳಿದ. ಕಾರು ಈಗ ಬಾಸಿಂಗ ಕಟ್ಟಿಕೊಂಡ ಮದುಮಗನಂತೆ ಕಂಡಿತು. ಆದರೆ ಮೊದಲು ಕೀಂ ಕೀಂ ಅನ್ನುತ್ತಿದ್ದುದು ಈಗ ಉಸಿರು ಬಿಡದೆ 'ಕೀಂ' ಎಂದು ಒಂದೇ ರಾಗ ಎಳೆಯತೊಡಗಿತು.

"ದೊಡ್ಡ ದೃಷ್ಟೀನ ಇರಬೇಕು" ಎಂದು ಜಂಬಣ್ಣ ಬೂದುಗುಂಬಳ ತರಲು ಹೊರಟ. ಬೂದುಗುಂಬಳ ಒಡೆಯುವುದನ್ನು ಹತ್ತಿರದಿಂದ ನೋಡಬೇಕೆಂದು ಜನ ಅವನ ಹಿಂದೆಯೇ ಹೋದರು. ಉಮಾಪತಿ ಒಬ್ಬನೇ ಸೀಟಿನಲ್ಲಿ ತಲೆ ತಗ್ಗಿಸಿ ಕೂತ.

ಆಗ ಒಂದು ಮೇಕೆ ಬಂತು. ಚೆಂಡುಹೂವು ಮೂಸಿ ನೋಡಿ, ಮಾಲೆಯನ್ನು ಎಳೆದು ತಿನ್ನತೊಡಗಿತು. ರಂಗಣ್ಣನ ದಾರವೂ ಹೂವಿನ ಜೊತೆ ಕಿತ್ತು ಬಂತು. ಮೇಕೆ ಬಾಯಾಡಿಸುತ್ತ ದೂರ ಸರಿದ ಮೇಲೆ, ಎಳೆಯುತ್ತಿದ್ದ ರಾಗ ಕಡಿದು ಮತ್ತೆ ಬರೀ ಕೀಂ ಕೀಂ ಉಳಿಯಿತು. ಉಮಾಪತಿ ತಲೆ ಎತ್ತಿದ. ಇಳಿದು ಬಂದು, ಉಳಿದಿದ್ದ ಗುರುಬಸಮ್ಮನ ದಾರವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. ಕಾರು ಗಪ್‌ಚಿಪ್. ಬಿಟ್ಟ. ಕೀಂ ಕೀಂ. ಎತ್ತಿದ. ಗಪ್‌ಚಿಪ್.

ಬಳ್ಳಾರಿ ಕಡೆ ಗಾಡಿಗೆ ನಿಂಬೆಹಣ್ಣು ಇರುವುದು ಮುಖಕ್ಕೆ ಹುಬ್ಬು ಇದ್ದ ಹಾಗೆ. ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಕಾರಿನ ಸೆನ್ಸರ್ ಕಣ್ಣಿಗೆ ಮಾತ್ರ ಬೆಳಗಿನಿಂದ ಅದೊಂದೇ ಬಿದ್ದಿತ್ತು. ಮೂಗಿನ ಮುಂದೆಯೇ ಏನೋ ಅಡ್ಡ ನಿಂತಿದೆ ಎಂದು ಪಾಪ ಕೂಗಿಕೊಳ್ಳುತ್ತಿತ್ತು. ಉಮಾಪತಿ ಸುತ್ತ ನೋಡಿದ. ರಾಯರು ಬೆನ್ನು ಮಾಡಿ ಕೂತಿದ್ದರು. ಬಾನೆಟ್ ಎತ್ತಿ ದಾರ ಬಿಡಿಸಿ ಅಂಗಿಯ ಜೇಬಿಗೆ ತುರುಕಿದ. ಕಾರಿನ ಮುಖವನ್ನು ಟವೆಲಿನಿಂದ ಒರೆಸಿದ.

"ಬರ್ರಿ ಬುದ್ಧೀ, ಸರಿ ಆತು!"

ಆಮೇಲೆ ಕಾರು ನಡೆದದ್ದು ನೀರಿನ ಮೇಲಿನ ಎಣ್ಣೆಯಂತೆ. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಸಿರುಗುಪ್ಪ. ತೊಟ್ಟಿಲು ತೂಗಿತು, ಕೂಸಿಗೆ ಶ್ರೀಕೃತಿ ಎಂದು ಹೆಸರಾಯಿತು. ಊಟ ಮುಗಿಸಿ ಬಳ್ಳಾರಿಗೆ ಮರಳುವಾಗ ಎಷ್ಟು ಉಬ್ಬು ಬಂದರೂ, ಎಷ್ಟು ಎಮ್ಮೆ ಅಡ್ಡ ಬಂದರೂ ಕಾರು ಕಮಕ್ ಕಿಮಕ್ ಅನ್ನಲಿಲ್ಲ.

ರಾಯರು ಮುಂದಕ್ಕೆ ಬಾಗಿ ಕೇಳಿದರು. "ಅಲ್ಲೋ, ಮುಂಜಾನೆ ಅಷ್ಟು ಹಠ ಮಾಡಿತ್ತು. ಈಗ?"

ಉಮಾಪತಿಗೆ ಜೀವ ಬಂತು. ನಿಂಬೆಹಣ್ಣಿನ ಮಾತು ನುಂಗಿ, "ಈಗ ಪಳಗೈತ್ರಿ ಬುದ್ಧಿ. ಇನ್ನ ಅದರದು ಏನೂ ತಕರಾರಿಲ್ಲ. ಬೆಣ್ಣಿ ಆಗೇತಿ, ಬೆಣ್ಣಿ. ಸ್ಟೇರಿಂಗ್ ಹಿಡಿಯಾಕ ಬಂದ್ರ ಸಾಕು, ಯಾರು ಬೇಕಾದ್ರೂ ನಡಸಬಹುದು" ಅಂದ.

"ಹೌದೇನು?" ಅಂದರು ರಾಯರು.

"ದೇವರಾಣಿ ರೀ."

ಸಂಜೆ ಕಂಟೋನ್ಮೆಂಟಿನ ಮನೆ ಮುಟ್ಟಿದಾಗ ವಿಜಯಾಬಾಯಿ ಗೇಟಿನಲ್ಲೇ ನಿಂತಿದ್ದರು. ರಾಯರು ಇಳಿದವರೇ ಅವರನ್ನು ಡ್ರೈವರ್ ಸೀಟಿಗೆ ಕೂರಿಸಿದರು. ಉಮಾಪತಿ ಪಕ್ಕದಲ್ಲಿ ಕೂತು ಎರಡು ಮಾತು ಹೇಳಿಕೊಟ್ಟ; ಮೂರನೆಯದಕ್ಕೆ ಅವಕಾಶವೇ ಬರಲಿಲ್ಲ. ಕಾರು ಅಂಗಳ ಸುತ್ತಿತು, ಬೀದಿ ಸುತ್ತಿತು, ತುಳಸಿಕಟ್ಟೆಯ ಮುರಿದ ಮೂಲೆಯ ಪಕ್ಕ ಒಂದು ಗೇಣು ಬಿಟ್ಟು ಬಂದು ನಿಂತಿತು.

"ಇಷ್ಟೇನಾ!" ವಿಜಯಾಬಾಯಿ ಮುಖದಲ್ಲಿ ಇಪ್ಪತ್ತು ವರ್ಷ ಕಮ್ಮಿಯಾಗಿದ್ದವು.

ರಾಯರು ಉಮಾಪತಿಯ ಹೆಗಲ ಮೇಲೆ ಕೈ ಇಟ್ಟರು. "ಕುರುಗೋಡಿನಿಂದ ಇಕಿಗೆ ಫೋನ್ ಮಾಡಿ ಏನಂದೆ ಗೊತ್ತದ ಏನು? 'ಈ ಗಾಡಿ ನಿನ್ನ ಕೈಲೆ ಆಗೂದಿಲ್ಲ. ಮಹಾ ಹಠಮಾರಿ ಅದ. ಉಮಾಪತಿ ಮಾತಾಡಿಸಿದ್ರ ಅಷ್ಟ ಕೇಳ್ತದ. ನಾವು ಇರೋತನಕ ಅವನನ್ನ ಬಿಡಲಿಕ್ಕೆ ಬರೂದಿಲ್ಲ' ಅಂದಿದ್ದೆ. ನೀ ಅದನ್ನ ಹಿಂಗ ಪಳಗಿಸಿ ಕೊಡ್ತೀ ಅಂತ ಯಾರು ಅನ್ಕೊಂಡಿದ್ರು! ಇಪ್ಪತ್ತೊಂಬತ್ತು ವರ್ಷ ದುಡದೀ. ನಾಳಿಂದ ಆರಾಮ ಇರಪಾ."

ಉಮಾಪತಿಯ ಕೈ ತಾನಾಗಿ ಜೇಬಿಗೆ ಹೋಯಿತು. ದಾರಿಯಲ್ಲೆಲ್ಲೋ ಸೀಟುಪಟ್ಟಿಯ ಬಿಗಿತಕ್ಕೆ ನಿಂಬೆಹಣ್ಣು ಒಡೆದು ಎದೆ ಪೂರಾ ಒದ್ದೆಯಾಗಿತ್ತು. ಮತ್ತೆ ಕಟ್ಟಲು ಅಲ್ಲೇನೂ ಉಳಿದಿರಲಿಲ್ಲ.

ನಡೆದೇ ಮನೆಗೆ ಬಂದ. ಗುರುಬಸಮ್ಮ ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ಗಂಡನ ಮುಖ ನೋಡಿ ಮೊರ ಕೆಳಗಿಟ್ಟಳು.

"ಯಾಕ, ನಾ ಕೊಟ್ಟಿದ್ದು ಕೆಲಸ ಮಾಡಲಿಲ್ಲೇನು?"

ಉಮಾಪತಿ ಜೇಬಿನಿಂದ ಹಿಚುಕಿದ ಸಿಪ್ಪೆಯನ್ನೂ ಏಳು ಬಾಡಿದ ಮೆಣಸಿನಕಾಯಿಯನ್ನೂ ತೆಗೆದು ಮೊರದ ಅಂಚಿಗಿಟ್ಟ.

"ಮಾಡಿತ್ತು," ಅಂದ. "ಚೊಲೋನ ಮಾಡಿತ್ತು. ನಾನ ಬಿಚ್ಚಿಬಿಟ್ಟೆ."