ಪುಕ್ಕಟೆ ಫೋನು ಮತ್ತು ಕುಬೇರಪ್ಪನವರ ಸಹಿಗಾಣ

"ಇನ್ಮೇಲೆ ಈ ಬೀದೀಲಿ ಯಾರೂ ಮೋಸ ಹೋಗೋ ಹಾಗೇ ಇಲ್ಲ!" ಎಂದು ಘೋಷಿಸಿ ಕುಬೇರಪ್ಪನವರು ಹಳೆಯ ಜಮಖಾನೆಯನ್ನು ಸರ್ರನೆ ಎಳೆದರು. ಅದರಡಿಯಿಂದ ಕಾಣಿಸಿಕೊಂಡದ್ದು ಕಬ್ಬಿನ ಹಾಲು ತೆಗೆಯುವ ಯಂತ್ರ!

ಒಂದು ಕಾಲದಲ್ಲಿ ಅದು ಕಬ್ಬು ಹಿಂಡಿದ್ದು ನಿಜ. ಈಗ ಅದರ ಉರುಳೆಗಳಿಗೆ ತಾಮ್ರದ ತಂತಿ ಸುತ್ತಿತ್ತು, ನೆತ್ತಿಯ ಮೇಲೆ ಗಣಪತಿ ಸಮಿತಿಯವರ ಧ್ವನಿವರ್ಧಕ ಕೂತಿತ್ತು, ಹೊಟ್ಟೆಯೊಳಗೆ ಏನೋ ಹಸಿರಾಗಿ ಮಿನುಗುತ್ತಿತ್ತು. ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಮಾಪಕಗಳನ್ನು ರಿಪೇರಿ ಮಾಡಿ ನಿವೃತ್ತರಾಗಿದ್ದ ಕುಬೇರಪ್ಪನವರಿಗೆ ಗುಜರಿ ಅಂಗಡಿಯೇ ತವರುಮನೆ.

"ಇದರ ಹೆಸರು ಸಹಿಗಾಣ! ಯಾವ ಕರಾರು ಪತ್ರ ಬೇಕಾದ್ರೂ ಈ ಕಡೆಯಿಂದ ತೂರಿಸಿ. ಇರುವೆ ಗಾತ್ರದ ಅಕ್ಷರದಲ್ಲಿ ಬಚ್ಚಿಟ್ಟ ಷರತ್ತನ್ನೆಲ್ಲ ಹಿಂಡಿ, ಗಟ್ಟಿಯಾಗಿ ಓದಿ ಹೇಳುತ್ತೆ!"

"ಓದೋದು ನನ್ನ ಧ್ವನೀಲಿ," ಎಂದರು ಅವರ ಹೆಂಡತಿ ವನಮಾಲಮ್ಮ ಬಾಗಿಲಿಗೆ ಒರಗಿ. "ಅದೂ ನನಗೆ ನೆಗಡಿ ಆಗಿದ್ದಾಗ ರೆಕಾರ್ಡ್ ಮಾಡ್ಕೊಂಡಿದಾರೆ!"

"ನಿನ್ನ ಧ್ವನಿ ಕೇಳಿದ್ರೆ ಯಾರಿಗೇ ಆದ್ರೂ ಭಯ ಭಕ್ತಿ ಬರುತ್ತೆ ಕಣೇ. ಷರತ್ತು ಓದೋಕೆ ಅದೇ ಸರಿ!"

ಅಂಗಳದಲ್ಲಿ ಸೇರಿದ್ದ ಇಪ್ಪತ್ತು ಜನ ನಕ್ಕರು. ಮುಂದಿನ ಕುರ್ಚಿಯಲ್ಲಿ ಮುಖ್ಯ ಅತಿಥಿಯಾಗಿ ಕೂತಿದ್ದ ಹಾಲೇಶಪ್ಪ ಮೇಷ್ಟರು ಮಾತ್ರ ನಗಲಿಲ್ಲ. ಅವರ ಎದೆಯ ಮೇಲೆ, ಬನಿಯನ್ನಿನ ಒಳಜೇಬಿನಲ್ಲಿ, ನಾಲ್ಕಾಗಿ ಮಡಿಸಿದ ಒಂದು ಕಾಗದ ಬೆವರಿನಲ್ಲಿ ನೆನೆಯುತ್ತಿತ್ತು.

ಆ ಕಾಗದದ ಕತೆ ಹದಿನೈದು ದಿನದ ಹಿಂದಿನದು.

ಕಿನ್ನರಿ ಮೊಬೈಲ್ ಎಂಬ ಕಂಪನಿಯ ಹಳದಿ ವ್ಯಾನು ಬೀದಿಗೆ ಬಂದು ನಿಂತಿತ್ತು. ಫೋನು ಪುಕ್ಕಟೆ! ಎರಡು ವರ್ಷ ಅವರದೇ ಸಿಮ್ಮು ಇಟ್ಟುಕೊಂಡು ತಿಂಗಳು ತಿಂಗಳು ಬಾಡಿಗೆ ಕಟ್ಟಿದರಾಯಿತು, ನಡುವೆ ಬಿಡುವ ಹಾಗಿಲ್ಲ. ತೆಗೆದುಕೊಳ್ಳುವುದೋ ಬಿಡುವುದೋ ಎಂದು ಇಡೀ ಬೀದಿ ತಲೆ ಕೆರೆದುಕೊಂಡು ಕೊನೆಗೆ ಹಾಲೇಶಪ್ಪ ಮೇಷ್ಟರ ಜಗಲಿಗೆ ಬಂತು. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವರು. ಬೀದಿಗೆ ಅವರ ಲೆಕ್ಕವೇ ಕೊನೆಯ ಮಾತು. ಮೇಷ್ಟರು ಸೀಮೆಸುಣ್ಣ ಹಿಡಿದು ಜಗಲಿಯ ಕಲ್ಲಿನ ಮೇಲೆಯೇ ಗುಣಿಸಿ ಕೂಡಿಸಿ, "ಇದು ಪುಕ್ಕಟೆ ಅಲ್ಲ, ಕಂತಿನ ಮೇಲೆ ಕೊಳ್ಳೋದು. ಅಂಗಡೀಲಿ ಕೊಂಡ್ರೇ ಅಗ್ಗ. ಬೇಡ," ಎಂದು ತೀರ್ಪು ಕೊಟ್ಟರು.

ಎಲ್ಲರೂ ಎದ್ದು ಹೋದ ಮೇಲೂ ಬ್ಲೌಸ್ ಹೊಲಿಯುವ ಪದ್ಮಾಕ್ಷಿ ನಿಂತೇ ಇದ್ದಳು. ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಗುಂಡಿ ಒತ್ತುವ ಹಳೇ ಫೋನು.

"ಮೇಷ್ಟ್ರೇ, ಗಿರಾಕಿಗಳು ಕತ್ತಿನ ಡಿಸೈನು ಫೋನಿಗೆ ಕಳಿಸ್ತೀನಿ ಅಂತಾರೆ. ಇದರಲ್ಲಿ ಬರಲ್ಲ. ಅರ್ಧ ಜನ ಹೊಸಮನೆ ಬಡಾವಣೆ ಕಡೆ ಅಂಗಡಿಗೆ ಹೋಗ್ತಿದಾರೆ. ಅಂಗಡೀಲಿ ಕೊಳ್ಳೋಣ ಅಂದ್ರೆ ಒಂದೇ ಸಲಕ್ಕೆ ಅಷ್ಟು ದುಡ್ಡು ನನ್ನತ್ರ ಇಲ್ಲ. ನನಗೂ ಬೇಡ್ವಾ?"

"ಲೆಕ್ಕ ಎಲ್ರಿಗೂ ಒಂದೇ ಕಣಮ್ಮ," ಎಂದರು ಮೇಷ್ಟರು, ಸೀಮೆಸುಣ್ಣದ ಕೈ ಕೊಡವುತ್ತಾ.

ಪದ್ಮಾಕ್ಷಿ ತಲೆಯಾಡಿಸಿ ಮನೆಗೆ ಹೋದಳು. ಮೇಷ್ಟರು ವ್ಯಾನಿನವನಿಗೆ ಅವನ ತಪ್ಪು ತಿಳಿಸಿ ಬರೋಣವೆಂದು ಹೊರಟರು. ಹೊರಟದ್ದು ಬುದ್ಧಿ ಹೇಳಲಿಕ್ಕೇ, ಅದು ಸತ್ಯ! ಆದರೆ ಆ ಏಜೆಂಟು ಮಾತಿನ ನಡುವೆ ಫೋನನ್ನು ಅವರ ಮುಖಕ್ಕೆ ಹಿಡಿದ. ಪರದೆಯ ಮೇಲೆ ಹತ್ತು ವರ್ಷ ಕಿರಿಯ ಹಾಲೇಶಪ್ಪ, ನೆರಿಗೆಯಿಲ್ಲದ ಹಣೆ ಹೊತ್ತು ಅವರನ್ನೇ ನೋಡುತ್ತಿದ್ದ. "ಕೊನೇದು ಸಾರ್, ಇದೊಂದೇ ಉಳಿದಿರೋದು," ಎಂದ ಏಜೆಂಟು. ಮೇಷ್ಟರು ಹಿಂದೆ ನೋಡಿದರು, ಮುಂದೆ ನೋಡಿದರು. ಬೀದಿಯಲ್ಲಿ ಒಂದು ಆಡು ಬಿಟ್ಟರೆ ಯಾರೂ ಇರಲಿಲ್ಲ. ಸಹಿ ಹಾಕಿಬಿಟ್ಟರು.

ಫೋನು ಅಟ್ಟದ ಮೇಲಿನ ಹಂಡೆ ಸೇರಿತು. ಕರಾರು ಪತ್ರ ಕಪಾಟಿನಲ್ಲಿದ್ದರೆ ಹೆಂಡತಿ ಗಂಗಾಂಬಿಕಮ್ಮನ ಕಣ್ಣಿಗೆ ಬಿದ್ದೀತೆಂದು ಬನಿಯನ್ ಸೇರಿತು. ಅಂದಿನಿಂದ ಮೇಷ್ಟರು ಪದ್ಮಾಕ್ಷಿಯ ಮನೆ ಮುಂದೆ ಹೋಗುವುದನ್ನು ಬಿಟ್ಟು ಹಾಲು ತರಲು ಹಿಂದಿನ ಗಲ್ಲಿ ಸುತ್ತುತ್ತಿದ್ದರು.

ಇತ್ತ ಅಂಗಳದಲ್ಲಿ ಕುಬೇರಪ್ಪನವರು ಗುಂಡಿ ಒತ್ತಿದರು. ಸಹಿಗಾಣ ಗೊರ್ರೆಂದಿತು. ಮೊದಲಿಗೆ ಕಿನ್ನರಿ ಕಂಪನಿಯ ಖಾಲಿ ಅರ್ಜಿಯೊಂದನ್ನು ಉರುಳೆಗಳ ನಡುವೆ ತೂರಿಸಿದರು. ನೆಗಡಿ ಹಿಡಿದ ವನಮಾಲಮ್ಮನ ಧ್ವನಿ ಬೀದಿ ತುಂಬಿತು: "ಷರತ್ತು ಒಂಬತ್ತು! ಹೆಸರು ಬದಲಾಯಿಸುವಂತಿಲ್ಲ! ಷರತ್ತು ಹದಿನೇಳು! ಸಹಿ ಹಾಕಿದವರ ಮುಖ ದಿನಕ್ಕೊಮ್ಮೆ ತೋರಿಸದಿದ್ದರೆ ಫೋನು ತೆರೆಯುವುದಿಲ್ಲ!"

"ನೋಡಿದ್ರಾ, ನಮ್ಮ ಮೇಷ್ಟ್ರು ಬೇಡ ಅಂದಿದ್ದೇ ಒಳ್ಳೇದಾಯ್ತು!" ಎಂದು ಯಾರೋ ಕೂಗಿದರು. ಜನ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಪದ್ಮಾಕ್ಷಿಯೂ ತಟ್ಟಿದಳು. ಮೇಷ್ಟರಿಗೆ ಆ ಒಂದು ಜೊತೆ ಕೈಯ ಸದ್ದು ಮಾತ್ರ ಬೇರೆಯಾಗಿ ಕೇಳಿಸಿತು. ಎದ್ದು ಓಡಿಹೋಗೋಣ ಎನ್ನಿಸಿತು. ಆದರೆ ಕೊರಳಲ್ಲಿ ಮುಖ್ಯ ಅತಿಥಿಯ ಸೇವಂತಿಗೆ ಹಾರವಿತ್ತು.

"ಸಹಿ ಹಾಕಿರೋ ಕಾಗದ ಒಂದು ಕೊಡ್ರಪ್ಪ, ಅದನ್ನೂ ನೋಡೋಣ," ಎಂದರು ಕುಬೇರಪ್ಪನವರು. ಬೀದಿ ಸಂಘದ ಕಾರ್ಯದರ್ಶಿ ಷಡಾಕ್ಷರಿ ಉತ್ಸಾಹದಿಂದ, ತಾನು ಸಹಿ ಹಾಕಿದ್ದ ಸಭೆಯ ನಡಾವಳಿಯ ಹಾಳೆ ಕೊಟ್ಟ. ಗಾಣ ಅದನ್ನು ನುಂಗಿತು, ಒಂದು ಕ್ಷಣ ತಡವರಿಸಿತು, ಆಮೇಲೆ ಹೇಳಿತು: "ಇದರಲ್ಲಿ ಏನು ಬರೆದಿದೆಯೋ ನಾನು ಓದಿಲ್ಲ. ಬೇಗ ಸಹಿ ಹಾಕಿದರೆ ಉಪ್ಪಿಟ್ಟು ಬಿಸಿ ಇರುವಾಗಲೇ ಸಿಗುತ್ತೆ."

ಷಡಾಕ್ಷರಿ ಉಳಿದ ಹಾಳೆಗಳನ್ನು ಬೆನ್ನ ಹಿಂದೆ ಅಡಗಿಸಿದ.

"ಏನ್ರೀ ಇದು?" ಎಂದರು ವನಮಾಲಮ್ಮ.

ಕುಬೇರಪ್ಪನವರು ಕನ್ನಡಕ ಸರಿಮಾಡಿಕೊಂಡು ಯಂತ್ರದ ಹೊಟ್ಟೆಯೊಳಗೆ ಇಣುಕಿದರು. "ಅರೆರೆ! ಪೆನ್ನು ಒತ್ತಿದ ಆಳ, ಕೈ ನಡುಗಿದ ರೀತಿ, ಎಲ್ಲಾ ಅಳೆಯೋಕೆ ಒಂದು ಸೂಕ್ಷ್ಮ ಮುಳ್ಳು ಇಟ್ಟಿದ್ದೆ. ಅದು ಸ್ವಲ್ಪ ಜಾಸ್ತಿನೇ ಸೂಕ್ಷ್ಮ ಆಗಿದೆ. ಸಹಿ ಹಾಕುವಾಗ ಮನಸ್ಸಿನಲ್ಲಿ ಏನಿತ್ತೋ ಅದನ್ನೂ ಹಿಂಡ್ತಿದೆ!"

"ಹಾಗಾದ್ರೆ ಈ ಗಾಣಕ್ಕೆ ನೀವು ಸಹಿ ಹಾಕಿರೋ ಪೇಟೆಂಟ್ ಅರ್ಜೀನೇ ಹಾಕಿ ನೋಡೋಣ!" ಎಂದು ವನಮಾಲಮ್ಮ ಅವರ ಕೈಯಿಂದ ಕಾಗದ ಕಿತ್ತು ತೂರಿಸಿಯೇಬಿಟ್ಟರು.

"ಇದು ಕೆಲಸ ಮಾಡುತ್ತೋ ಇಲ್ವೋ ನನಗೂ ಗೊತ್ತಿಲ್ಲ," ಎಂದಿತು ಗಾಣ. "ಅವಳ ಬೆಳ್ಳಿ ಲೋಟ ಮಾರಿದ್ದು ಗೊತ್ತಾಗದಿದ್ದರೆ ಸಾಕು."

"ಬೆಳ್ಳಿ ಲೋಟ!" ಎಂದು ವನಮಾಲಮ್ಮ ಕಿರುಚಿದರು. ಗಾಣಕ್ಕೂ ಅದೇ ಧ್ವನಿಯಾದ್ದರಿಂದ ಅದು ತನಗೇ ಅಪ್ಪಣೆಯಾಯಿತೆಂದು ತಿಳಿದು ಇನ್ನಷ್ಟು ಜೋರಾಗಿ ತಿರುಗತೊಡಗಿತು! ಗಾಣ ಬಿಸಿಯಾಗದಂತೆ ಒಳಗೆ ಇಟ್ಟಿದ್ದ ಫ್ಯಾನು ಗಾಳಿ ಊದುವುದನ್ನು ಬಿಟ್ಟು ಒಳಕ್ಕೆ ಎಳೆಯತೊಡಗಿತು. ಒಬ್ಬರ ಜೇಬಿನಿಂದ ಗ್ಯಾಸಿನ ರಸೀದಿ ಹಾರಿತು. ಇನ್ನೊಬ್ಬರ ಚೀಲದಿಂದ ಬ್ಯಾಂಕಿನ ಚೆಕ್ಕು ಹಾರಿತು. ಎಲ್ಲಿಂದಲೋ ಒಂದು ಲಗ್ನಪತ್ರಿಕೆ ಪಾರಿವಾಳದಂತೆ ರೆಕ್ಕೆ ಬಡಿಯುತ್ತಾ ಬಂದು ಗಾಣದ ಬಾಯಿಗೆ ಬಿತ್ತು. ಜನ ಜೇಬು ಹಿಡಿದುಕೊಂಡು ಚೆಲ್ಲಾಪಿಲ್ಲಿಯಾದರು.

"ಆಫ್ ಮಾಡ್ರೀ!"

"ಗುಂಡಿ ಕಿತ್ತು ಬಂತು ಕಣೇ!"

ಹಾಲೇಶಪ್ಪ ಮೇಷ್ಟರು ಎರಡೂ ಕೈಯಿಂದ ಎದೆ ಒತ್ತಿ ಹಿಡಿದರು. ಎದೆನೋವು ಬಂತೆಂದು ಗಂಗಾಂಬಿಕಮ್ಮ ಓಡಿ ಬಂದು, "ಗಾಳಿ ಬಿಡ್ರಪ್ಪ, ಗಾಳಿ ಬಿಡಿ!" ಎನ್ನುತ್ತಾ ಗಂಡನ ಅಂಗಿಯ ಗುಂಡಿಗಳನ್ನು ಪಟಪಟನೆ ಬಿಚ್ಚಿದರು. ಅಷ್ಟೇ ಸಾಕಾಯಿತು. ಒದ್ದೆ ಕಾಗದ ಬನಿಯನ್ನಿನಿಂದ ನುಸುಳಿ, ಹಾರದ ಎರಡು ಸೇವಂತಿಗೆಯನ್ನೂ ಜೊತೆಗೆ ಕಿತ್ತುಕೊಂಡು, ನೇರವಾಗಿ ಉರುಳೆಗಳ ನಡುವೆ ಹೋಯಿತು.

"ಹಾಲೇಶಪ್ಪ, ನಿವೃತ್ತ ಗಣಿತ ಶಿಕ್ಷಕರು," ಎಂದು ಗಾಣ ಶುರುಮಾಡಿತು. ಗದ್ದಲ ನಿಂತಿತು.

"ಪದ್ಮಾಕ್ಷಿಗೆ ಬೇಡ ಅಂದಿದ್ದೀನಿ. ಅವಳಿಗೆ ಹೇಳುವಾಗ ನಮ್ಮ ಮನೆಯ ಖರ್ಚು ಹಿಡಿದು ಲೆಕ್ಕ ಹಾಕಿದೆ. ತಿಂಗಳಿಗೆ ಎರಡು ಕರೆ ಮಾಡೋ ನನಗೆ ಇದು ದಂಡ. ದಿನವೆಲ್ಲಾ ಗಿರಾಕಿ ಜೊತೆ ಮಾತಾಡೋ ಅವಳಿಗೆ ಲಾಭವೇ ಇತ್ತು. ವ್ಯಾನಿನ ಹತ್ತಿರ ಬರೋವಾಗ ಹೊಳೀತು. ವಾಪಸ್ ಹೋಗಿ ಹೇಳಿದರೆ ಮೇಷ್ಟ್ರ ಲೆಕ್ಕ ತಪ್ಪು ಅಂತಾಗುತ್ತೆ. ಒಂದೇ ಉಳಿದಿದೆ. ಯಾರೂ ನೋಡ್ತಿಲ್ಲ."

ಅಲ್ಲಿಗೆ ಸೇವಂತಿಗೆ ಉರುಳೆಗೆ ಸಿಕ್ಕಿಕೊಂಡಿತು.

"ಯಾರೂ ನೋಡ್ತಿಲ್ಲ. ಯಾರೂ ನೋಡ್ತಿಲ್ಲ. ಯಾರೂ ನೋಡ್ತಿಲ್ಲ!" ಎಂದು ಧ್ವನಿವರ್ಧಕ ಅರಚತೊಡಗಿತು. ಬೀದಿಗೆ ಬೀದಿಯೇ ಮೇಷ್ಟರನ್ನು ನೋಡುತ್ತಿತ್ತು. ಕುಬೇರಪ್ಪನವರು ಕಂಬ ಹತ್ತಿ ಫ್ಯೂಸು ಕೀಳುವವರೆಗೆ ಹನ್ನೆರಡು ನಿಮಿಷ ಹಿಡಿಯಿತು. ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿತಂತೆ. ಸದ್ದು ನಿಂತಾಗ ಮೇಷ್ಟರು ತಲೆ ಎತ್ತಿದರು. ಹಿಂದಿನ ಸಾಲಿನಲ್ಲಿ ಪದ್ಮಾಕ್ಷಿಯ ಕುರ್ಚಿ ಖಾಲಿಯಾಗಿತ್ತು.

ಮೂರು ದಿನ ಮೇಷ್ಟರು ಹೊಸ್ತಿಲು ದಾಟಲಿಲ್ಲ. ಊಟದ ತಟ್ಟೆ ಇಡುವಾಗ ಗಂಗಾಂಬಿಕಮ್ಮ ಬೈಯಲಿಲ್ಲ, ಅದು ಬೈಗುಳಕ್ಕಿಂತ ಹೆಚ್ಚಾಯಿತು. "ಆ ಹುಡುಗಿ ನಮ್ಮ ಮಗಳ ಮದುವೆಗೆ ಮೂರು ದಿನ ಕೂತು ಹೊಲಿದುಕೊಟ್ಟಿದ್ಲು," ಎಂದರು ಅಷ್ಟೇ.  ಮೂವತ್ತೈದು ವರ್ಷದಲ್ಲಿ ಮೇಷ್ಟರು ತಪ್ಪು ಲೆಕ್ಕ ಮಾಡಿದ ಎಷ್ಟೋ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ಅಲ್ಲಿ ನಿಂತವರಿಗೆ ಹೇಗಾಗುತ್ತದೆಂದು ಈಗ ಕೂತಲ್ಲೇ ಗೊತ್ತಾಗುತ್ತಿತ್ತು.

ನಾಲ್ಕನೆಯ ಬೆಳಿಗ್ಗೆ ಹಂಡೆಯಿಂದ ಫೋನು ತೆಗೆದುಕೊಂಡು, ಹಿಂದಿನ ಗಲ್ಲಿಯಿಂದಲ್ಲ, ಮುಂದಿನ ಬೀದಿಯಿಂದಲೇ ನಡೆದು ಪದ್ಮಾಕ್ಷಿಯ ಬಾಗಿಲಿಗೆ ಹೋದರು. ಹೊಲಿಗೆ ಯಂತ್ರದ ಸದ್ದು ನಿಂತಿತು.

"ತಪ್ಪಾಯ್ತು ಕಣಮ್ಮ. ಯಾವ ಮುಖ ಇಟ್ಕೊಂಡು ಬಂದ್ರಿ ಅಂತ ಕೇಳಬೇಡ. ಇದು ನಿನ್ನದು, ತಗೋ."

ಪದ್ಮಾಕ್ಷಿ ಫೋನನ್ನು ನೋಡಲಿಲ್ಲ. "ಬೇರೆಯವರ ಅಳತೆ ಹಿಡಿದು ನನಗೆ ಬ್ಲೌಸ್ ಹೊಲಿದ್ರಿ ಮೇಷ್ಟ್ರೇ. ಹೋಗ್ಲಿ, ಕೈತಪ್ಪು ಯಾರಿಗಿಲ್ಲ. ಬಿಗಿ ಆಗಿದೆ ಅಂತ ಗೊತ್ತಾದ್ಮೇಲೂ ಹೊಲಿಗೆ ಬಿಚ್ಚಲಿಲ್ವಲ್ಲ, ಅದು ಬೇಜಾರು."

ಮೇಷ್ಟರು ಫೋನನ್ನು ಇನ್ನಷ್ಟು ಮುಂದಕ್ಕೆ ಚಾಚಿದರು.  ಕೊನೆಗೆ ಅವಳೇ ಕೈಚಾಚಿ ಫೋನು ತೆಗೆದುಕೊಂಡಳು. "ಬಾಡಿಗೆ ನಾನೇ ಕಟ್ತೀನಿ. ನನಗೆ ಯಾರ ಪುಕ್ಕಟೇನೂ ಬೇಡ."

ಆದರೆ ಫೋನು ತೆರೆಯಬೇಕಲ್ಲ! ಷರತ್ತು ಒಂಬತ್ತರ ಪ್ರಕಾರ ಹೆಸರು ಬದಲಾಗದು. ಷರತ್ತು ಹದಿನೇಳರ ಪ್ರಕಾರ ದಿನಕ್ಕೊಮ್ಮೆ ಹಾಲೇಶಪ್ಪನವರ ಮುಖವೇ ಬೇಕು. ಪದ್ಮಾಕ್ಷಿ ಫೋನನ್ನು ಅವರೆದುರು ಹಿಡಿದಳು.

"ಮುಖ ಹೊಂದಿಕೆಯಾಗುತ್ತಿಲ್ಲ," ಎಂದಿತು ಫೋನು. "ದಯವಿಟ್ಟು ತಲೆ ಎತ್ತಿ."

ಮೇಷ್ಟರು ಸ್ವಲ್ಪ ಎತ್ತಿದರು. "ಹೊಂದಿಕೆಯಾಗುತ್ತಿಲ್ಲ. ಕಣ್ಣು ನೇರವಾಗಿ ನೋಡಲಿ." ಸಹಿ ಹಾಕಿದ ದಿನ ಅದು ಕಂಡದ್ದು ಹೆಮ್ಮೆಯಿಂದ ಉಬ್ಬಿದ ಮುಖ. ಈ ಮುಖದ ಗುರುತು ಅದಕ್ಕೆ ಹೇಗೆ ಸಿಕ್ಕೀತು?

"ಎತ್ತಿ ಮೇಷ್ಟ್ರೇ, ಇನ್ನೂ ಎತ್ತಿ," ಎಂದಳು ಪದ್ಮಾಕ್ಷಿ. "ಹನ್ನೊಂದು ಬ್ಲೌಸ್ ಬಾಕಿ ಇದೆ ನನಗೆ. ನೀವು ನಾಚ್ಕೊಳ್ತಾ ನಿಂತ್ರೆ ತೋಳು ಜೋಡಿಸೋರು ಯಾರು?"

ಏಳನೆಯ ಸಲಕ್ಕೆ ಫೋನು ತೆರೆಯಿತು. ಅಂದಿನಿಂದ ದಿನವೂ ಏಳು ಗಂಟೆಗೆ, ಮಳೆಯಿರಲಿ ಚಳಿಯಿರಲಿ, ಮೇಷ್ಟರು ಪದ್ಮಾಕ್ಷಿಯ ಬಾಗಿಲಿಗೆ ಹೋಗಿ ಮುಖ ತೋರಿಸಿ ಬರುತ್ತಿದ್ದರು. ಮೊದಲ ತಿಂಗಳು ಬೀದಿಯವರೆಲ್ಲ ಕಿಟಕಿಯಿಂದ ನೋಡಿದರು. ಎರಡನೆಯ ತಿಂಗಳು ಅವರಿಗೆ ಬೇಸರ ಬಂತು. ಮೇಷ್ಟರಿಗೆ ಮಾತ್ರ ಪ್ರತಿದಿನ ಆ ತಲೆ ಎತ್ತುವ ಕ್ಷಣದಲ್ಲಿ ಕಿವಿ ಬಿಸಿಯಾಗುತ್ತಲೇ ಇತ್ತು. ಮೂರನೆಯ ತಿಂಗಳು ಹೊಸಮನೆ ಕಡೆಯ ಗಿರಾಕಿಗಳೂ ಪದ್ಮಾಕ್ಷಿಯ ಹತ್ತಿರ ಬಂದರು. ಅವಳು ಎರಡನೆಯ ಹೊಲಿಗೆ ಯಂತ್ರ ಕೊಂಡಳು.

ಸಹಿಗಾಣವನ್ನು ವನಮಾಲಮ್ಮ ಕಬ್ಬಿನ ಹಾಲಿನ ಗಾಡಿಯವನೊಬ್ಬನಿಗೆ ಮಾರಿ, ಒಂದು ಬೆಳ್ಳಿ ಲೋಟ ತಂದರು. ಆದರೆ ಕುಬೇರಪ್ಪನವರ ತಲೆ ಇನ್ನೂ ಅವರ ಕತ್ತಿನ ಮೇಲೇ ಇತ್ತಲ್ಲ, ನಾಳೆ ಇನ್ನೊಂದು ಗಾಣ ಕಟ್ಟಿದರೆ? ಬೀದಿಯವರು ಹೆದರಿ ಸಹಿ ಹಾಕುವುದನ್ನೇ ನಿಲ್ಲಿಸಿಬಿಟ್ಟರು! ಪೋಸ್ಟಿನವನು ಬಂದರೆ ಹೆಬ್ಬೆಟ್ಟು, ಬ್ಯಾಂಕಿನಲ್ಲಿ ಹೆಬ್ಬೆಟ್ಟು, ಸೊಸೈಟಿಯಲ್ಲಿ ಹೆಬ್ಬೆಟ್ಟು. ಷಡಾಕ್ಷರಿ ಸಂಘದ ಖರ್ಚಿನಲ್ಲಿ ನಾಲ್ಕು ಮಸಿ ಡಬ್ಬಿ ತರಿಸಿದ. ಇಂಜಿನಿಯರು, ನರ್ಸು, ವಕೀಲರ ಗುಮಾಸ್ತ, ಎಲ್ಲರ ಎಡಗೈ ಹೆಬ್ಬೆರಳೂ ನೇರಳೆ ಹಣ್ಣು ಹಿಸುಕಿದಂತೆ ಕಪ್ಪಾಗಿತ್ತು.

ವರ್ಷ ಕಳೆಯುವುದರೊಳಗೆ ಈ ಹೆಬ್ಬೆಟ್ಟುಗಳೆಲ್ಲ ಯಾವುದೋ ಕಚೇರಿಯಲ್ಲಿ ಒಟ್ಟು ಸೇರಿ ವರದಿಯಾದವು. ಒಂದು ದಿನ ಸಾಕ್ಷರತಾ ಆಂದೋಲನದ ಕಡೆಯ ಹುಡುಗಿಯೊಬ್ಬಳು ಫೈಲು ಹಿಡಿದು ಬಂದಳು. ಭದ್ರಾವತಿಗೆಲ್ಲಾ ಅತ್ಯಂತ ಹಿಂದುಳಿದ ಬೀದಿ ಇದೇ ಅಂತೆ! ನಲವತ್ತಮೂರು ಮನೆ, ಒಬ್ಬರಿಗೂ ಅಕ್ಷರ ಬಾರದು! ಸಂಘದ ಕೋಣೆಯಲ್ಲಿ ಸಂಜೆ ಐದರಿಂದ ಆರರವರೆಗೆ ಅಕ್ಷರಮಾಲೆ ಪಾಠ ಮಂಜೂರಾಗಿತ್ತು. ಒಬ್ಬೊಬ್ಬರಿಗೆ ಒಂದೊಂದು ಸ್ಲೇಟು.

ಅವಳು ಮೊದಲು ಹೋದದ್ದು ಹಾಲೇಶಪ್ಪ ಮೇಷ್ಟರ ಜಗಲಿಗೆ. ಅವರ ಕಪ್ಪು ಹೆಬ್ಬೆರಳನ್ನು ಕನಿಕರದಿಂದ ನೋಡಿ, ಸ್ಲೇಟು ಕೈಗಿಟ್ಟು, ಕಿವಿಯ ಹತ್ತಿರ ಬಾಗಿ ನಿಧಾನವಾಗಿ ಕೇಳಿದಳು:

"ತಾತಾ, ನಿಮಗೆ ಸಹಿ ಹಾಕೋಕೆ ಬರುತ್ತಾ?"

"ಬರ್ತಿತ್ತು ತಾಯಿ," ಎಂದರು ಮೇಷ್ಟರು. "ಬಿಟ್ಟುಬಿಟ್ಟಿದ್ದೀನಿ."